ಟಗರಿನ ಅಂಡಲ್ಲ, ಬೆಳ್ಳುಳ್ಳಿ ಕಣಿವೆ

ಮ್ಯಾಂಚೆಸ್ಟರ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಟೀಮಿನವರ ಪಟ್ಟಿ ನೋಡುತ್ತಿದ್ದೆ. ಅದರಲ್ಲೊಂದು ಅಡ್ಡಹೆಸರು, ರ‍್ಯಾಮ್ಸ್‌ಬಾಟಮ್. ಕಿಸಕ್ಕನೆ ನಕ್ಕುಬಿಟ್ಟೆ. ಟಗರಿನ ಅಂಡು ಅಂತ ಯಾರಾದರೂ ಹೆಸರಿಟ್ಟುಕೊಳ್ಳುತ್ತಾರಾ? ತಲೆ ಎತ್ತಿದರೆ ಆ ಹೆಸರಿನವರು ಎದುರಿಗೇ ಕೂತಿದ್ದರು. ಐವತ್ತು ದಾಟಿದ ಹೆಂಗಸು. "ಪರವಾಗಿಲ್ಲ, ಸ್ಕೂಲಲ್ಲಿ ಇದಕ್ಕಿಂತ ಜಾಸ್ತಿ ನಗುತ್ತಿದ್ದರು" ಅಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕ್ರಿಕೆಟ್ ನೋಡುವವರಿಗೆ ಇಂಥ ಹೆಸರು ಹೊಸದಲ್ಲ. ಇಂಗ್ಲೆಂಡಿನ ಎಡಗೈ ವೇಗಿ ರಯಾನ್ ಸೈಡ್‌ಬಾಟಮ್ ಬೌಲಿಂಗಿಗೆ ಬಂದರೆ ನಮ್ಮ ಹಾಸ್ಟೆಲಿನ ಟಿ.ವಿ. ರೂಮು ಗೊಳ್ಳೆನ್ನುತ್ತಿತ್ತು. ಇಯಾನ್ ಬಾಥಮ್ ಹೆಸರಿಗೆ ಮಾತ್ರ ಯಾರೂ ನಕ್ಕಿದ್ದಿಲ್ಲ. ಬಾಥಮ್, ಬಾಟಮ್ ಎರಡೂ ಒಂದೇ ಅಂತ ಗೊತ್ತಾಗಿದ್ದು ಈಕೆಯಿಂದ. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಕಣಿವೆಯ ತಳ ಅಂತ ಅರ್ಥ. ಸೈಡ್‌ಬಾಟಮ್ ಅಂದರೆ ಅಗಲ ಕಣಿವೆ. ಪಾಪ, ಎಷ್ಟು ನಕ್ಕಿದ್ದೆವು!

ಮೇ ತಿಂಗಳಲ್ಲಿ ಒಂದು ಶನಿವಾರ ರ‍್ಯಾಮ್ಸ್‌ಬಾಟಮ್ ಎಂಬ ಊರಿಗೇ ಕರೆದುಕೊಂಡು ಹೋದರು. ಬೆರಿ ಪಟ್ಟಣದವರೆಗೆ ಟ್ರಾಮು, ಅಲ್ಲಿಂದ ಉಗಿಬಂಡಿ. ಹೌದು, ಇನ್ನೂ ಕಲ್ಲಿದ್ದಲು ತಿನ್ನುವ ಬಂಡಿ, ಇರ್‌ವೆಲ್ ನದಿ ಪಕ್ಕದಲ್ಲೇ ಹೋಗುತ್ತದೆ. ಊರಿನ ಮೇಲೆ ಗುಡ್ಡ, ಗುಡ್ಡದ ಮೇಲೆ ರಾಬರ್ಟ್ ಪೀಲ್ ನೆನಪಿನ ಗೋಪುರ. 1829ರಲ್ಲಿ ಲಂಡನ್ನಿಗೆ ಪೊಲೀಸರನ್ನು ಕೊಟ್ಟ ಪೀಲ್ ಹುಟ್ಟಿದ್ದು ಬೆರಿಯಲ್ಲಿ.

ನನಗೆ ನೆನಪಿರುವುದು ಗೋಪುರವಲ್ಲ, ವಾಸನೆ. ಹಳ್ಳದ ಪಕ್ಕ ಮರದ ನೆರಳಿಗೆ ಕಾಲಿಟ್ಟಿದ್ದೇ ತಡ, ಯಾರೋ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಹಾಗೆ ಘಂ ಅಂದಿತು. ನೆಲದ ತುಂಬಾ ಅಗಲ ಎಲೆ, ನಕ್ಷತ್ರದಂಥ ಬಿಳಿ ಹೂವು. ಕಾಡು ಬೆಳ್ಳುಳ್ಳಿ. ಇದರ ಹಳೇ ಹೆಸರು ಹ್ರಾಮ್ಸ. ರ‍್ಯಾಮ್ಸ್‌ಬಾಟಮ್ ಅಂದರೆ ಬೆಳ್ಳುಳ್ಳಿ ಕಣಿವೆ! ಟಗರಿನ ಕಣಿವೆ ಅನ್ನುವ ವಿದ್ವಾಂಸರೂ ಇದ್ದಾರೆ. ನನ್ನ ವೋಟು ಮೂಗಿಗೆ.

"ಇಲ್ಲೇ ಉಳಿದವರಿಗೆ ಈ ಹೆಸರು ಹೇಗೆ ಬರುತ್ತೆ ಹೇಳು?" ಅಂದರು ಆಕೆ. "ಊರಲ್ಲಿ ಎಲ್ಲರೂ ಇದೇ ಊರಿನವರು. ಬಿಟ್ಟು ಹೋದವನನ್ನೇ ಹೊಸ ಜಾಗದಲ್ಲಿ ಹೀಗೆ ಕರೆಯೋದು." ಅವರ ಯಾವನೋ ಮುತ್ತಾತ ಆರೇಳು ನೂರು ವರ್ಷದ ಹಿಂದೆ ಇಲ್ಲಿಂದ ಗಂಟುಮೂಟೆ ಕಟ್ಟಿದ್ದ. ಹೆಸರು ಅವನ ಜೊತೆ ಹೊರಟಿತು.

ನನಗೆ ನನ್ನದೇ ಪಾಸ್‌ಪೋರ್ಟ್ ನೆನಪಾಯಿತು. ಊರಲ್ಲಿ ಬರೀ ಒಂದು ಇನಿಷಿಯಲ್ ಆಗಿದ್ದ ಹುಲಿಕೆರೆ ಅದರಲ್ಲಿ ಅಡ್ಡಹೆಸರಾಗಿ ಕೂತಿದೆ. ಇಲ್ಲಿ ಬ್ಯಾಂಕಿನವರಿಗೆ ನಾನು ಮಿಸ್ಟರ್ ಹುಲಿಕೆರೆ. ಅರ್ಥ ಹೇಳಿದೆ.

"ಹುಲಿ ಇದೆಯಾ?"

"ಈಗ ಕೆರೆಯಲ್ಲಿ ನೀರೇ ಇಲ್ಲ."

ಈ ಸಲ ನಗುವ ಸರದಿ ಅವರದು. ವಿಷದ ಎಲೆಯೊಂದು ಥೇಟ್ ಈ ಕಾಡು ಬೆಳ್ಳುಳ್ಳಿ ಎಲೆ ಹಾಗೇ ಇರುತ್ತದಂತೆ, ಒಂದೊಂದನ್ನೂ ಹೊಸಕಿ ಮೂಸಿ ನೋಡಿ ಒಂದು ಹಿಡಿ ಕಿತ್ತುಕೊಟ್ಟರು. ರಾತ್ರಿ ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆದೆ. ಚೆನ್ನಾಗೇ ಇತ್ತು, ಹುಳಿ ಸ್ವಲ್ಪ ಸಾಲದು.