ಟೈಟ್ ಜಂಕ್ಷನ್: ಓಮ್ ಲೆಕ್ಕವೊಂದೇ ಸಾಲದು

ತುಮಕೂರು, 14 ಜೂನ್ 2024, ಶುಕ್ರವಾರ

ಕ್ಯಾತ್ಸಂದ್ರದ ಹುಡುಗಿ ಬೆಂಗಳೂರಿನ ಲ್ಯಾಬಿನಿಂದ ಫೋನ್ ಮಾಡಿದ್ದಳು. ಕಿಡ್ನಿ ಕೋಶಗಳ ಎರಡು ಪದರ ಬೆಳೆಸಿದ್ದಾಳೆ. ‘ಮೇಡಂ, ಎರಡರದ್ದೂ ರೆಸಿಸ್ಟೆನ್ಸ್ ಒಂದೇ ಬರ್ತಿದೆ. ಹಾಗಾದ್ರೆ ಟೈಟ್ ಜಂಕ್ಷನ್ನೂ ಒಂದೇ ಥರ ಅಲ್ವಾ?’

ಅಲ್ಲಮ್ಮ. ಫೋನಿನಲ್ಲಿ ಅವಸರವಾಯಿತು, ಇಲ್ಲಿ ಬಿಡಿಸಿ ಬರೆಯುತ್ತೇನೆ. ಟೈಟ್ ಜಂಕ್ಷನ್ ಅಂದರೆ ಅಕ್ಕಪಕ್ಕದ ಕೋಶಗಳ ನಡುವಿನ ಸಂದಿಯನ್ನು ಬಿಗಿಯುವ ಬೆಸುಗೆ.

ಕೋಶಗಳ ಪದರಕ್ಕೆ ಮೀಟರ್ 250 ಓಮ್ ತೋರಿಸಿತು, ಕೋಶವಿಲ್ಲದ ಖಾಲಿ ಇನ್ಸರ್ಟಿಗೆ, ಅಂದರೆ ತಳದಲ್ಲಿ ಫಿಲ್ಟರ್ ಇರುವ ಪುಟ್ಟ ಬಟ್ಟಲಿಗೆ, 130. ಉಳಿದ 120ನ್ನು ಫಿಲ್ಟರಿನ ವಿಸ್ತೀರ್ಣ 1.12 ಚದರ ಸೆಂಟಿಮೀಟರಿನಿಂದ ಗುಣಿಸಬೇಕು, ಭಾಗಿಸಬಾರದು. ಸುಮಾರು 134 ಓಮ್ ಚದರ ಸೆಂಟಿಮೀಟರ್ ಬರುತ್ತದೆ. ಇನ್‌ಕ್ಯುಬೇಟರಿನಿಂದ ತೆಗೆದ ಪ್ಲೇಟ್ ತಣ್ಣಗಾಗುತ್ತಾ ಹೋದಂತೆ ಅಂಕಿ ಏರುತ್ತದೆ. ಜಂಕ್ಷನ್ ಬಿಗಿಯಾಯಿತೆಂದು ಹಿಗ್ಗಬೇಡ. ತಣ್ಣಗಾದ ದ್ರವದಲ್ಲಿ ಅಯಾನುಗಳ ಓಡಾಟವೇ ನಿಧಾನ.

ಇಷ್ಟಾದರೂ ಆ 134 ಒಟ್ಟು ಸೋರಿಕೆಯ ಲೆಕ್ಕ ಮಾತ್ರ. ಸೋರಿದ್ದು ಸೋಡಿಯಮ್ಮೋ ಕ್ಲೋರೈಡೋ ಅದಕ್ಕೆ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ಜಂಕ್ಷನ್ನಿನಲ್ಲಿರುವ ಕ್ಲಾಡಿನ್ ಎಂಬ ಪ್ರೋಟೀನುಗಳು. ಕ್ಲಾಡಿನ್-2ರ ರಂಧ್ರ ಸುಮಾರು 6.5 ಆಂಗ್‌ಸ್ಟ್ರಾಮ್ ಅಗಲ. ಒಳಗೆ 65ನೇ ಜಾಗದಲ್ಲಿರುವ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದ ಋಣ ಆವೇಶ ಸೋಡಿಯಂ, ಪೊಟ್ಯಾಸಿಯಂಗೆ ದಾರಿ ಬಿಟ್ಟು ಕ್ಲೋರೈಡನ್ನು ತಡೆಯುತ್ತದೆ.

ಹಾಗಾಗಿ ಡೈಲ್ಯೂಷನ್ ಪೊಟೆನ್ಷಿಯಲ್, ಅಂದರೆ ಪದರದ ಎರಡು ಬದಿಯಲ್ಲಿ ಉಪ್ಪಿನ ಪ್ರಮಾಣ ಬೇರೆಯಾದಾಗ ಹುಟ್ಟುವ ವೋಲ್ಟೇಜ್, ಅಳೆಯಲೇಬೇಕು. ಪದರವನ್ನು ಎರಡು ದ್ರವಗಳ ನಡುವೆ ಹಿಡಿದಿಡುವ ಅಸ್ಸಿಂಗ್ ಚೇಂಬರಿನ ಒಂದು ಬದಿಗೆ ಸೋಡಿಯಂ ಕ್ಲೋರೈಡ್ 140 ಮಿಲಿಮೋಲಾರ್, ಇನ್ನೊಂದಕ್ಕೆ 70. ಕಡಿಮೆ ಉಪ್ಪಿನ ಬದಿಗೆ ಆವೇಶವಿಲ್ಲದ ಮ್ಯಾನಿಟಾಲ್ ಸೇರಿಸಿ ಆಸ್ಮೊಲಾಲಿಟಿ (ಕರಗಿದ ಕಣಗಳ ಒಟ್ಟು ಪ್ರಮಾಣ) ಸರಿದೂಗಿಸು, ಇಲ್ಲದಿದ್ದರೆ ನೀರು ಹರಿದು ಕೋಶಗಳ ನಡುವಿನ ಸಂದಿಯೇ ಹಿಗ್ಗಿ ಕುಗ್ಗಿ ಅಳತೆ ಕೆಡುತ್ತದೆ. ಖಾಲಿ ಫಿಲ್ಟರಿನಲ್ಲೂ ಅಳೆದು ಆ ವೋಲ್ಟೇಜನ್ನು ಕಳೆ. ಸೋಡಿಯಂ ಹೆಚ್ಚು ದಾಟಿದರೆ 70ರ ಬದಿ ಧನವಾಗುತ್ತದೆ. ಸೋಡಿಯಂ ಒಂದೇ ದಾಟುವುದಾದರೆ 37 ಡಿಗ್ರಿಯಲ್ಲಿ ಸುಮಾರು 18 ಮಿಲಿವೋಲ್ಟ್. ಕ್ಲೋರೈಡಿನದು ಮೇಲುಗೈಯಾದರೆ ಚಿಹ್ನೆ ತಿರುಗುತ್ತದೆ. ನಿನ್ನ ಎರಡು ಪದರಗಳ ವ್ಯತ್ಯಾಸ ಸಿಗುವುದು ಇಲ್ಲೇ.

ಎದುರು ಮನೆ ಅಜ್ಜಿ ಮೂತ್ರ ಹೆಚ್ಚಿಸುವ ಫ್ಯೂರೊಸಮೈಡ್ ಮಾತ್ರೆ ನುಂಗುತ್ತಿದ್ದಾರೆ, ಈಗಷ್ಟೇ ನೆನಪಾಯಿತು. ಕಿಡ್ನಿಯ ಸೂಕ್ಷ್ಮ ನಾಳದಲ್ಲಿ ಹೆನ್ಲೆ ಕುಣಿಕೆ ಎಂಬ ಬಾಗಿದ ಭಾಗವಿದೆ. ಅದರ ದಪ್ಪ ಏರುಭಾಗದಲ್ಲಿ ನಾಳದ ಒಳಗು ಧನವಾಗಿರುತ್ತದೆ. ಆ ಕೆಲವೇ ಮಿಲಿವೋಲ್ಟ್ ಮ್ಯಾಗ್ನೀಸಿಯಮ್ಮನ್ನು ಕ್ಲಾಡಿನ್-16, 19 ಇರುವ ಜಂಕ್ಷನ್ನಿನ ಮೂಲಕ ರಕ್ತದ ಕಡೆಗೆ ತಳ್ಳುತ್ತದೆ. ಈ ಮಾತ್ರೆ ಆ ವೋಲ್ಟೇಜನ್ನೇ ಇಳಿಸುತ್ತದೆ. ದಾರಿ ಇದ್ದರೂ ತಳ್ಳುವ ಬಲವಿಲ್ಲ, ಮ್ಯಾಗ್ನೀಸಿಯಂ ಮೂತ್ರಕ್ಕೆ ಹೋಗುತ್ತದೆ. ಅಜ್ಜಿಯ ರಕ್ತದಲ್ಲಿ ಪೊಟ್ಯಾಸಿಯಂ ಮಾತ್ರ ನೋಡಿಸುತ್ತಿದ್ದಾರೋ, ಮ್ಯಾಗ್ನೀಸಿಯಮ್ಮೂ ಸೇರಿದೆಯೋ, ಬೆಳಿಗ್ಗೆ ಅವರ ಮಗನನ್ನು…