ವಿಮಾನದ ಕಾರ್ಡು, ನಮ್ಮ ಆಟೋ ಬಟನ್ನು

ದುರ್ಗಿಗುಡಿಯ ಒಂದು ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಫ್ರೇಮು ಇದ್ದದ್ದೇ. ಜೊತೆಗೆ ಹಳೇ ಫೋಟೋ ರಿಪೇರಿಯನ್ನೂ ಮಾಡುತ್ತೇವೆ. ಶಿವಮೊಗ್ಗದಲ್ಲಿ ಇದಕ್ಕೆ ಗಿರಾಕಿ ಕಮ್ಮಿ ಇಲ್ಲ. ಮಲೆನಾಡಿನ ಮಳೆಗೆ ಗೋಡೆ ಮೇಲಿನ ಅಜ್ಜ ಅಜ್ಜಿಯರಿಗೆಲ್ಲ ಬೂಷ್ಟು ಹಿಡಿದಿರುತ್ತದೆ. ಕಲೆ ತೆಗಿ, ಹರಿದದ್ದು ಕೂಡಿಸು, ಬಣ್ಣ ತುಂಬು, ಗ್ಲಾಸು ಹಾಕಿ ಕೊಡು. ಗಿರಾಕಿಯೂ ಖುಷಿ, ನಾವೂ ಖುಷಿ.

ಏನನ್ನೂ ಸರಿ ಮಾಡಬೇಡಿ ಅಂತ ದುಡ್ಡು ಕೊಟ್ಟ ಗಿರಾಕಿ ಒಬ್ಬರೇ. ತೀರ್ಥಹಳ್ಳಿ ಕಡೆಯ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಅವರಿಗೆ ವಿಮಾನ ಮತ್ತು ವಿಮಾನ ನಿಲ್ದಾಣಗಳ ಹಳೇ ಪಿಕ್ಚರ್ ಪೋಸ್ಟ್‌ಕಾರ್ಡ್ ಕೂಡಿಡುವ ಹುಚ್ಚು. ಅವರ ದೊಡ್ಡಪ್ಪ ಬೊಂಬಾಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದರಂತೆ. ಆ ಕಾಲದಲ್ಲಿ ವಿಮಾನ ಕಂಪನಿಗಳು ತಮ್ಮ ವಿಮಾನದ ಚಿತ್ರವಿರುವ ಕಾರ್ಡುಗಳನ್ನು ಪ್ರಯಾಣಿಕರಿಗೆ ಪುಕ್ಕಟೆ ಕೊಡುತ್ತಿದ್ದವು. ಮೇಲೆ ಹಾರುತ್ತಲೇ ಬರೆದು ಗಗನಸಖಿಯ ಕೈಗೆ ಕೊಟ್ಟರೆ ಎಷ್ಟೋ ಕಂಪನಿಗಳು ತಾವೇ ಅಂಚೆಗೂ ಹಾಕುತ್ತಿದ್ದವು. ಪ್ರಚಾರಕ್ಕೆ ಪ್ರಚಾರ, ಉಪಚಾರಕ್ಕೆ ಉಪಚಾರ. ದೊಡ್ಡಪ್ಪ ಊರಿಗೆ ಬರುವಾಗ ಮಕ್ಕಳಿಗೆ ಅಂಥ ಒಂದು ಕಟ್ಟು ತರುತ್ತಿದ್ದರು. ಮಿಕ್ಕ ಮಕ್ಕಳು ಮಿಠಾಯಿ ಕಡೆ ನೋಡಿದರೆ ನಮ್ಮ ಮೇಷ್ಟ್ರು ಕಾರ್ಡಿನ ಕಡೆ ನೋಡಿದರು. ಆಮೇಲೆ ಹೊರದೇಶದ ಸಂಗ್ರಾಹಕರ ಜೊತೆ ಅದಲು ಬದಲು ಮಾಡಿಕೊಂಡು ಶೂ ಡಬ್ಬಗಳು ತುಂಬಿವೆ.

ಅಷ್ಟನ್ನೂ ಸ್ಕ್ಯಾನ್ ಮಾಡಿಕೊಡಿ ಅಂತ ಬಂದರು. ಹೀಗೆ ದೊಡ್ಡ ಕೆಲಸ ಬಂದಾಗ ನಮ್ಮಲ್ಲಿ ಒಂದು ಪದ್ಧತಿ ಇದೆ. ಮೊದಲು ಸ್ಯಾಂಪಲ್ ತೋರಿಸುತ್ತೇವೆ: ಇದ್ದ ಹಾಗೆ ಒಂದು ಪ್ರಿಂಟು, ರಿಪೇರಿ ಮಾಡಿದ್ದು ಇನ್ನೊಂದು. ಏರ್-ಇಂಡಿಯಾ ಇಂಟರ್‌ನ್ಯಾಷನಲ್‌ನ ಸೂಪರ್ ಕಾನ್‌ಸ್ಟೆಲೇಶನ್ ವಿಮಾನದ ಕಾರ್ಡೊಂದನ್ನು ತೆಗೆದುಕೊಂಡೆವು. ಬಾಲದಲ್ಲಿ ಮೂರು ರೆಕ್ಕೆ ನಿಂತಿರುವ ಆ ಹಳೇ ವಿಮಾನ. ನಮ್ಮ ಫೋಟೋಶಾಪ್ ಹುಡುಗಿ ಪೆನ್ಸಿಲ್ ಗೀರು ತೆಗೆದಳು, ಮಾಸಿದ ಕೆಂಪು ತುಂಬಿದಳು. ಬಾಲದ ಸುತ್ತ ಆಕಾಶದ ನೀಲಿ ಸ್ವಲ್ಪ ಬೇರೆ ಥರ ಇತ್ತು, ಅದನ್ನೂ ಒಂದೇ ಸಮ ಮಾಡಿದಳು. ಚೆಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಮೇಷ್ಟ್ರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. "ಚೆಂದ ಮಾಡಿದ್ದೀರಿ ಮಾರಾಯ. ಆದ್ರೆ ನಂಗೆ ಇದರಿಂದ ಎಂತ ಉಪಯೋಗ?" ಅಂದರು. ಬಾಲದ ಸುತ್ತಲಿನ ಬೇರೆ ನೀಲಿಯ ಮೇಲೆ ಬೆರಳಿಟ್ಟು, "ಇದು ಕಲೆ ಅಲ್ಲ. ಕುಂಚದ ಕೆಲಸ" ಅಂದರು.

ಆಮೇಲೆ ಕೂತು ವಿವರಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಈ ಕಾರ್ಡುಗಳ ಮೇಲೆ ರಿಟಚಿಂಗ್ ಧಾರಾಳವಾಗಿ ನಡೆಯುತ್ತಿತ್ತು. ಹೊಸ ವಿಮಾನ ಇನ್ನೂ ಕಂಪನಿಯ ಕೈಗೆ ಬಂದಿರುತ್ತಿರಲಿಲ್ಲ, ಪ್ರಚಾರ ಮಾತ್ರ ಶುರುವಾಗಬೇಕು. ಆಗ ಇದ್ದ ಫೋಟೋದ ಮೇಲೆ ತಮ್ಮ ಹೆಸರು, ಬಣ್ಣ ಬರೆಸಿ ಅಚ್ಚು ಹಾಕಿಸುತ್ತಿದ್ದರು. ಅಮೆರಿಕದ ಬ್ರಾನಿಫ್ ಕಂಪನಿಯ ಕತೆ ಮಜಾ ಇದೆ. 1979-80ರಲ್ಲಿ ಅವರು ವಾಷಿಂಗ್ಟನ್ ಮತ್ತು ಡಲ್ಲಾಸ್ ನಡುವೆ ಕಾಂಕಾರ್ಡ್ ಓಡಿಸಿದರು, ಶಬ್ದಕ್ಕಿಂತ ವೇಗವಾಗಿ ಹಾರಬಲ್ಲ ವಿಮಾನ. ವಿಮಾನ ಬ್ರಿಟಿಷ್ ಏರ್‌ವೇಸ್, ಏರ್ ಫ್ರಾನ್ಸ್‌ನವರದ್ದು. ಅದರ ಮೈಗೆ ಬ್ರಾನಿಫ್ ಬಣ್ಣ ಯಾವತ್ತೂ ಬಳಿಯಲೇ ಇಲ್ಲ. ಆದರೆ ಕಾರ್ಡಿನಲ್ಲಿ ಬ್ರಾನಿಫ್ ಬಣ್ಣದ ಕಾಂಕಾರ್ಡ್ ಹಾರುತ್ತಿದೆ! ಸಂಗ್ರಾಹಕರು ಅಂಥ ಕಾರ್ಡನ್ನು ಹುಡುಕಿಕೊಂಡು ಹೋಗುವುದೇ ಆ ಸುಳ್ಳಿಗಾಗಿ. ಸುಳ್ಳನ್ನು ಹಿಡಿಯಬೇಕಾದರೆ ಕುಂಚದ ಗೆರೆ ಕಾಣಬೇಕು. ನಾವು ಆಕಾಶ ನುಣ್ಣಗೆ ಮಾಡಿಕೊಟ್ಟರೆ ಅದನ್ನು ಕಾಣುವುದು ಎಲ್ಲಿಂದ?

ಇದನ್ನು ಕೇಳಿ ನನಗೆ ಒಂಥರಾ ಆಯಿತು. ಆ ಗೆರೆ ಎಳೆದವನೂ ನನ್ನ ಕಸುಬಿನವನೇ ಅಲ್ವಾ?

ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬೇರೆ ಆಯಿತು. ಬಣ್ಣವನ್ನು ಕಂಪ್ಯೂಟರೇ ಸರಿ ಮಾಡುವ ಆಟೋ ಕಲರ್ ಬಟನ್ನು ಬಂದ್. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್, ಫೈಲು ವಿವರ ಕಳೆಯದ ಟಿಫ್. ಕಾರ್ಡಿನ ಅಂಚು ಕತ್ತರಿಸುವ ಹಾಗಿಲ್ಲ, ನಾಲ್ಕೂ ಮೂಲೆ ಕಾಣಬೇಕು. ಚಿತ್ರವನ್ನು ಎಡದಿಂದ ಬಲಕ್ಕೆ ಮಗುಚುವ ಹಾಗಂತೂ ಇಲ್ಲವೇ ಇಲ್ಲ. ಡಿಸೈನ್ ಮಾಡುವವರಿಗೆ ವಿಮಾನದ ಮೂತಿ ಬಲಕ್ಕಿದ್ದರೆ ಇಷ್ಟ, ಮಗುಚಿಬಿಡುತ್ತಾರೆ. ಮೇಷ್ಟ್ರು ಅದಕ್ಕೂ ಒಂದು ಉದಾಹರಣೆ ಇಟ್ಟುಕೊಂಡಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಕಾಂಕಾರ್ಡ್‌ಗೆ ಎಡಗಡೆ ಸಿಂಗಾಪುರ್ ಏರ್‌ಲೈನ್ಸ್ ಬಣ್ಣ, ಬಲಗಡೆ ಬ್ರಿಟಿಷ್ ಏರ್‌ವೇಸ್ ಬಣ್ಣ ಇತ್ತು. ಮಗುಚಿದರೆ ಆ ಕತೆಯೇ ಕೆಟ್ಟಿತು.

ಬಣ್ಣ ಮಾಸಿದ್ದಕ್ಕೂ ಅರ್ಥ ಇದೆ. ಇದು ನಮ್ಮ ಕಸುಬಿನದ್ದೇ ವಿಷಯ. ಅಚ್ಚಿನ ಕಾರ್ಡು ಬಿಸಿಲಿಗೆ ಬಿದ್ದಿದ್ದರೆ ಹಳದಿ, ಕೆಂಪು ಮೊದಲು ಹೋಗಿ ನೀಲಿ ಉಳಿಯುತ್ತದೆ. ಹಳೇ ಕಲರ್ ಫೋಟೋ ಕಾಗದ ಕತ್ತಲಲ್ಲೇ ಇದ್ದರೂ ನೀಲಿ ಕಳೆದುಕೊಂಡು ಕೆಂಪಗಾಗುತ್ತದೆ. ಅನುಮಾನ ಬಂದರೆ ಭೂತಗನ್ನಡಿ ಹಿಡಿಯಿರಿ. ಅಚ್ಚಿನಲ್ಲಿ ಚುಕ್ಕಿ ಚುಕ್ಕಿ ಕಾಣುತ್ತದೆ, ನಿಜವಾದ ಫೋಟೋದಲ್ಲಿ ಚುಕ್ಕಿ ಇರುವುದಿಲ್ಲ. ಹಳೇ ಕಪ್ಪು ಬಿಳುಪು ಫೋಟೋ ಕಾರ್ಡಿನ ಕಪ್ಪು ಜಾಗದಲ್ಲಿ ಬೆಳ್ಳಿಯ ಥರ ಹೊಳಪು ಬಂದಿದ್ದರೆ ಒರೆಸಲು ಹೋಗಬೇಡಿ. ಅದು ಫೋಟೋದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು.

ಎಲ್ಲಕ್ಕಿಂತ ಜಾಸ್ತಿ ನಾನು ಕಲಿತದ್ದು ಹಿಂಬದಿಯಿಂದ. ಹಳೇ ಫೋಟೋ ಬಂದರೆ ನಮ್ಮಲ್ಲಿ ಯಾರೂ ಹಿಂಬದಿ ಸ್ಕ್ಯಾನ್ ಮಾಡುತ್ತಿರಲಿಲ್ಲ. ಇಂಥ ಕಾರ್ಡುಗಳ ಮೇಲೆ ಅಚ್ಚಾದ ವರ್ಷ ಬರೆದಿರುವುದು ಅಪರೂಪ, ಎರಡೂ ಬದಿ ಜೋಡಿಸಿ ಓದಬೇಕು. ನ್ಯೂಯಾರ್ಕ್‌ನ ಒಂದು ಕಾರ್ಡು ತೋರಿಸಿದರು. ಮುಂದೆ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗಿರುವ, ಟಿಡಬ್ಲ್ಯೂಎ ಅನ್ನುವ ಅಮೆರಿಕದ ವಿಮಾನ ಕಂಪನಿಯ ಟರ್ಮಿನಲ್. ಏರೋ ಸಾರಿನೆನ್ ವಿನ್ಯಾಸ, ತೆರೆದದ್ದು 1962ರಲ್ಲಿ. ಫೋಟೋದಲ್ಲಿ ಜನ ಓಡಾಡುತ್ತಿದ್ದಾರೆ. ಹಿಂದೆ, ಸಣ್ಣ ಅಕ್ಷರದಲ್ಲಿ ಐಡಲ್‌ವೈಲ್ಡ್ ವಿಮಾನ ನಿಲ್ದಾಣ ಅಂತಿದೆ. ಆ ಹೆಸರು 1963ರ ಡಿಸೆಂಬರ್‌ನಲ್ಲಿ ಕೆನಡಿ ಅಂತ ಬದಲಾಯಿತು. ಮುಂಬದಿ "ಇದಕ್ಕಿಂತ ಮುಂಚೆ ಅಲ್ಲ" ಅನ್ನುತ್ತದೆ, ಹಿಂಬದಿ "ಇದರಿಂದ ಈಚೆಗೆ ಅಲ್ಲ" ಅನ್ನುತ್ತದೆ. ಹೆಚ್ಚು ಕಡಿಮೆ ಎರಡು ವರ್ಷದೊಳಗೆ ಕಾರ್ಡು ಸಿಕ್ಕಿಬಿತ್ತು. ಅಂಚೆ ಮುದ್ರೆಯನ್ನು ಮಾತ್ರ ಪೂರ್ತಿ ನಂಬಬಾರದು. ಅಚ್ಚಾಗಿ ಎಷ್ಟೋ ವರ್ಷ ಅಂಗಡಿಯಲ್ಲಿ ಕೂತ ಕಾರ್ಡನ್ನೂ ಜನ ಅಂಚೆಗೆ ಹಾಕುತ್ತಾರೆ.

ನಮ್ಮ ದೇಶದ ಕಾರ್ಡುಗಳಿಗೂ ಇದೇ ಲೆಕ್ಕ. ಏರ್-ಇಂಡಿಯಾ ಇಂಟರ್‌ನ್ಯಾಷನಲ್ ಅಂತಿದ್ದರೆ ಸಾಮಾನ್ಯವಾಗಿ 1962ರ ಹಿಂದಿನದ್ದು, ಆಮೇಲೆ ಬರೀ ಏರ್ ಇಂಡಿಯಾ. ಅವರಿಗೆ ಬೋಯಿಂಗ್ 707 ಜೆಟ್ ಬಂದದ್ದು 1960ರಲ್ಲಿ. ಕಿಟಕಿಗಳ ಸುತ್ತ ಅರಮನೆಯ ಝರೋಕದ ಹಾಗೆ ಕೆಂಪು ಚಿತ್ತಾರ ಇರುವ ಜಂಬೋ, ಅಂದರೆ ಬೋಯಿಂಗ್ 747 ಆದರೆ 1971 ಅಥವಾ ಅದರಿಂದ ಈಚೆಗಿನದ್ದು. ಇಷ್ಟೆಲ್ಲ ಅದಲು ಬದಲು ಮಾಡಿಯೂ ಮೇಷ್ಟ್ರಿಗೆ ಇನ್ನೂ ಸಿಗದ ಕಾರ್ಡು ಅಂದರೆ ಮಂಗಳೂರಿನ ಬಜ್ಪೆಯದ್ದು. 1951ರ ಡಿಸೆಂಬರ್ 25ರಂದು ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಶುರುವಾದ ನಿಲ್ದಾಣ ಅದು. "ಪಕ್ಕದ ಮನೆಯದ್ದೇ ಇಲ್ಲ, ನ್ಯೂಯಾರ್ಕಿನದ್ದು ರಾಶಿ ಇದೆ" ಅಂತ ಅವರ ದುಃಖ.

ಗಿರಾಕಿಗಳಿಗೆ ಈಗ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಮುಂಚೆ "ಯಾವ ಸೈಜು?" ಅನ್ನುತ್ತಿದ್ದೆ. ಈಗ "ಇದು ನಿಮಗೆ ಯಾತಕ್ಕೆ ಬೇಕು?" ಅನ್ನುತ್ತೇನೆ. ಗೋಡೆಗೆ ಅಂದರೆ ಕಲೆ ತೆಗೆಯೋಣ, ಏನೂ ತಪ್ಪಿಲ್ಲ. ಮನೆತನದ ದಾಖಲೆಗೆ ಅಂದರೆ ಮೊದಲು ಇದ್ದ ಹಾಗೆ ಎರಡೂ ಬದಿ. ರಿಪೇರಿ ಅದರ ನಕಲಿನ ಮೇಲೆ. ಓನರ್ ಮೊದಮೊದಲು ಗೊಣಗಿದರು, ಟೈಮು ವೇಸ್ಟು ಅಂತ. ಹಿಂಬದಿಗೂ ಚಾರ್ಜು ಹಾಕಬಹುದು ಅಂತ ಹೊಳೆದ ಮೇಲೆ ಸುಮ್ಮನಾದರು.

ಲ್ಯಾಮಿನೇಷನ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮಳೆಗೆ ಹೆದರಿ ಜನ ಅದನ್ನೇ ಕೇಳುತ್ತಾರೆ. ಒಂದು ಸಲ ಬಿಸಿ ಪ್ಲಾಸ್ಟಿಕ್ ಅಂಟಿತೋ, ಮುಗೀತು, ವಾಪಸ್ ಬರಲ್ಲ. ಅಂಟು ಹಾಳೆಯ ಆಲ್ಬಂ ಬೇಡ, ಅಂಟಂಟಾಗುವ ಪಿವಿಸಿ ಕವರೂ ಬೇಡ. ಪಾಲಿಪ್ರೊಪಿಲೀನ್ ಕವರ್ ಸಾಕು. ಫ್ರೇಮು ಹಾಕಿಸುವುದಾದರೆ ಗಾಜಿಗೂ ಫೋಟೋಗೂ ನಡುವೆ ಅಂತರ ಬಿಡುವ ರಟ್ಟಿನ ಮೌಂಟ್ ಇರಲೇಬೇಕು. ಫೋಟೋ ನೇರ ಗಾಜಿಗೆ ತಾಗಿದರೆ ನಮ್ಮ ಜೂನ್ ಜುಲೈ ತಿಂಗಳ ತೇವಕ್ಕೆ ಅಂಟಿಕೊಂಡು ಬಿಡುತ್ತದೆ. ಮೇಷ್ಟ್ರ ಮನೆಯಲ್ಲಿ ಮುಂಚೆ ಡಬ್ಬಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಂತೆ. ಬೂಷ್ಟು ಬರಲಿಲ್ಲ ನಿಜ, ಹೊಗೆಗೆ ಅಂಚೆಲ್ಲ ಕಂದು ಬಣ್ಣ. ಅದನ್ನೂ ಹಾಗೇ ಸ್ಕ್ಯಾನ್ ಮಾಡಿದ್ದೇವೆ.

ಈಚೆಗೆ ಮೇಷ್ಟ್ರು ಹೊಸ ಆರ್ಡರ್ ಕೊಟ್ಟರು. ನಮ್ಮ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದ ಕಾರ್ಡು ಅಚ್ಚು ಹಾಕಿಸಬೇಕು, ಹೊರದೇಶದವರಿಗೆ ಬದಲು ಕಳಿಸಲಿಕ್ಕೆ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ. ಕಮಲದ ಆಕಾರದ ಟರ್ಮಿನಲ್ಲನ್ನು ಹೊರಗೆ ನಿಂತು ಅವರೇ ಫೋಟೋ ತೆಗೆದಿದ್ದಾರೆ. ಮೂಲೆಯಲ್ಲಿ ಅರ್ಧ ಆಟೋ ಬಂದಿದೆ. ನಮ್ಮ ಹುಡುಗಿಗೆ ತಡೆಯಲಿಲ್ಲ, "ಮೇಷ್ಟ್ರೇ, ಆಟೋ ಒಂದು ತೆಗೀಲಾ?" ಅಂತ ಕೇಳಿಯೇ ಬಿಟ್ಟಳು.

"ಬೇಡ ಮಗಾ. ಮುಂದೆ ಯಾರಾದರೂ ಅದನ್ನು ನೋಡಿಯೇ ವರ್ಷ ಹೇಳ್ತಾರೆ" ಅಂದರು.

ಸೈಜಿನ ಬಗ್ಗೆ ಒಂದಷ್ಟು ಚರ್ಚೆ ಆಯಿತು. ಅವರಿಗೆ ಹಳೇ ಅಳತೆ ಬೇಕು, ಒಂಬತ್ತು ಸೆಂಟಿಮೀಟರ್‌ಗೆ ಹದಿನಾಲ್ಕು. ಫೋಟೋ ಕಾಗದದ ಹಿಂದೆ ಇಂಕು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಮುಂದೆ ಮಾತ್ರ ಹೊಳಪಿರುವ ದಪ್ಪ ಕಾರ್ಡ್ ಶೀಟ್ ಹುಡುಕಿದೆವು. ಹಿಂದೆ ಜಾಗದ ಹೆಸರು, ಫೋಟೋ ತೆಗೆದ ತಿಂಗಳು, ವರ್ಷ. ಒಂದು ತುಂಡಿನ ಮೇಲೆ ಬಾಲ್‌ಪೆನ್ನಿನಲ್ಲಿ ವಿಳಾಸ ಬರೆದು, ಬೆರಳಿನಿಂದ ಉಜ್ಜಿ ನೋಡಿ, ಆಮೇಲೆ ಅಡ್ವಾನ್ಸ್ ಕೊಟ್ಟರು.