ಒದ್ದೆ ಮರಳು, ಹಳೆ ಬ್ರೇಕ್ ಆಯಿಲ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಕಡೆ ಮನೆಮನೆಯಲ್ಲೂ ಐಟಿಐ ಮಾತು ಏಳುತ್ತದೆ. ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ, ಗಾರೆ ಕೆಲಸ ಮತ್ತು ಪ್ಲಂಬಿಂಗ್ ಒಂದೊಂದು ವರ್ಷ. ಪಠ್ಯಕ್ರಮ ದೇಶಕ್ಕೆಲ್ಲ ಒಂದೇ. ಮಳೆ ಒಂದೇ ಅಲ್ಲವಲ್ಲ! ತೀರ್ಥಹಳ್ಳಿ, ಹೊಸನಗರದಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗ್ಯಾರೇಜಿರಲಿ, ಮನೆ ಕಟ್ಟುವ ಜಾಗವಿರಲಿ, ಇಲ್ಲಿ ಕೆಲಸ ಕೆಡಿಸುವುದು ಹೆಚ್ಚಾಗಿ ಕಣ್ಣಿಗೆ ಬೀಳದ ನೀರು. ಆ ನೀರನ್ನು ಅಳೆಯಲು ಕಲಿಸುವ ಕಾಲೇಜನ್ನೇ ಹುಡುಕಿ ಸೇರಿ ಎನ್ನುವುದು ನನ್ನ ಮಾತು.

ಮೊದಲು ಬ್ರೇಕ್. ಬ್ರೇಕ್ ಆಯಿಲ್ ಎಂದು ಕರೆಯುತ್ತೇವೆ, ಆದರೆ ಅದು ಎಣ್ಣೆಯ ಜಾತಿಯದಲ್ಲ. ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ ಅದಕ್ಕಿದೆ. ಡಾಟ್ 3, ಡಾಟ್ 4 ಎನ್ನುವುದು ಅದರ ದರ್ಜೆಗಳು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಬಯಲುಸೀಮೆಯ ನೇರ ರಸ್ತೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಆಗುಂಬೆ ಘಾಟಿಯ ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮಿನ, ಡಿಸ್ಕಿನ ಕಾವು ಚಕ್ರದ ಬಳಿ ಆಯಿಲ್ ತುಂಬಿರುವ ವೀಲ್ ಸಿಲಿಂಡರಿಗೆ ದಾಟುತ್ತದೆ, ಒಳಗಿನ ನೀರು ಆವಿಯಾಗುತ್ತದೆ. ದ್ರವ ಅಮುಕಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ.

ಇದರ ಕೆಟ್ಟ ಗುಣವೆಂದರೆ ಗಾಡಿ ತಣ್ಣಗಾದ ಮೇಲೆ ಪೆಡಲ್ ಮತ್ತೆ ಸರಿಯಾಗುವುದು. ಘಾಟಿಯ ಬುಡದ ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಲ್ಲಿಸಿ ಹೊರಟವರು ಏನೂ ಆಗಿಲ್ಲವೆಂದೇ ನಂಬುತ್ತಾರೆ, ಗ್ಯಾರೇಜಿನಲ್ಲೂ ದೋಷ ಸಿಗುವುದಿಲ್ಲ. ಅದಕ್ಕೇ ಕಲಿಯುವವರು ಗಿರಾಕಿಯನ್ನು ಮೊದಲು ಕೇಳಬೇಕು: ಪೆಡಲ್ ಮೆತ್ತಗಾಯಿತೋ, ಗಟ್ಟಿಯಾಗಿದ್ದೂ ಗಾಡಿ ನಿಲ್ಲಲಿಲ್ಲವೋ? ಮೆತ್ತಗಾಗಿದ್ದರೆ ಆವಿ. ಗಟ್ಟಿಯಿದ್ದರೆ ಕಾದ ಲೈನಿಂಗ್, ಅಂದರೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಹಿಡಿತ ಬಿಟ್ಟಿದೆ. ಎರಡಕ್ಕೂ ಮೂಲ ಮದ್ದು ಎರಡನೇ ಗೇರಿನಲ್ಲಿ ಇಳಿಯುವುದೇ, ಆದರೆ ರಿಪೇರಿ ಬೇರೆ ಬೇರೆ.

ಬ್ರೇಕ್ ಲೈನಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಮ್ಮ ಬಲಗೈ ಸ್ಟೀರಿಂಗಿನ ಹಲವು ಕಾರುಗಳಲ್ಲಿ ಅದು ಹಿಂದಿನ ಎಡಚಕ್ರ. ಬ್ರೇಕ್ ಲೈನ್ ಮೂಲೆಯಿಂದ ಮೂಲೆಗೆ ಹಂಚಿರುವ ಕಾರುಗಳಲ್ಲಿ, ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವವುಗಳಲ್ಲಿ ಕ್ರಮ ಬೇರೆಯಿರಬಹುದು, ಕಂಪನಿ ಪುಸ್ತಕ ತೆಗೆದು ನೋಡಬೇಕು. ಚಕ್ರದ ಬಳಿ ಗಾಳಿ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಸಡಿಲಿಸಬೇಕು. ನಿಪ್ಪಲ್ ಬಿಗಿದ ಮೇಲಷ್ಟೇ ಕಾಲು ಎತ್ತಬೇಕು. ಈ ಒಂದು ಕ್ರಮ ತಪ್ಪಿದರೆ ಹೊರಗಿನ ಗಾಳಿ ವಾಪಸ್ ಒಳಗೆ ಬರುತ್ತದೆ. ನಡುನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬದ ಮಟ್ಟ ನೋಡದೆ ಖಾಲಿ ಬಿಟ್ಟರೆ ಮೊದಲಿಂದ ಶುರು ಮಾಡಬೇಕು.

ಮಲೆನಾಡಿನ ಗಾಡಿಗಳಲ್ಲಿ ನಿಪ್ಪಲ್ ತುಕ್ಕು ಹಿಡಿದು ಕೂತಿರುತ್ತದೆ. ಓಪನ್ ಪಾನಾ ಹಾಕಿ ತಿರುಗಿಸಿದರೆ ಮೂಲೆ ಸವೆದು ದುಂಡಗಾಗುತ್ತದೆ, ಬಲ ಹಾಕಿದರೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದು, ರಿಂಗ್ ಪಾನಾ ಹಾಕಿ. ಮತ್ತೊಂದು, ಬೆಂಚಿನ ಮೇಲೆ ಮುಚ್ಚಳ ತೆರೆದಿಟ್ಟ ಆಯಿಲ್ ಡಬ್ಬ ಮಳೆಗಾಲದಲ್ಲಿ ದಿನದಿನವೂ ಹಾಳಾಗುತ್ತಿರುತ್ತದೆ. ಚಿಕ್ಕ ಡಬ್ಬ ಕೊಳ್ಳಿ, ಉಳಿದದ್ದನ್ನು ಮುಂದಿನ ಗಾಡಿಗೆಂದು ಎತ್ತಿಡಬೇಡಿ. ಎಂಜಿನ್ ಆಯಿಲ್ ಮುಟ್ಟಿದ ಫನೆಲ್ ಬಳಸಿದರಂತೂ ರಬ್ಬರ್ ಸೀಲುಗಳೆಲ್ಲ ಉಬ್ಬುತ್ತವೆ, ಆಮೇಲೆ ಇಡೀ ವ್ಯವಸ್ಥೆಯ ರಬ್ಬರ್ ಬದಲಿಸುವುದೊಂದೇ ದಾರಿ.

ಚಕ್ರ ಬಿಚ್ಚಿದ ಗಾಡಿಯ ಕೆಳಗೆ ಜಂಬಿಟ್ಟಿಗೆ ಪೇರಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದ ವರ್ಕ್‌ಶಾಪಿನಲ್ಲಿ ಗಾಡಿ ಕೆಳಗೆ ನುಗ್ಗಲು ಹೇಳಿದರೆ ವಿದ್ಯಾರ್ಥಿ ಒಪ್ಪಬಾರದು.

ಇನ್ನು ಕಾಂಕ್ರೀಟು. ಇಲ್ಲಿ ನೀರು ಅಡಗುವುದು ಮರಳಿನಲ್ಲಿ. ತೇವದ ಮರಳಿನ ಕಾಳುಗಳ ಸುತ್ತ ನೀರಿನ ಪೊರೆ ಕೂತು ಅವು ಒಂದರಿಂದೊಂದು ದೂರ ನಿಲ್ಲುತ್ತವೆ, ರಾಶಿ ಉಬ್ಬುತ್ತದೆ. ನೂರಕ್ಕೆ ನಾಲ್ಕೈದರಷ್ಟು ತೇವವಿದ್ದಾಗ ಉಬ್ಬು ಅತಿ ಹೆಚ್ಚು, 20ರಿಂದ 30ರಷ್ಟು. ನುಣ್ಣನೆಯ ಮರಳಿಗೆ ಇನ್ನೂ ಜಾಸ್ತಿ. ವಿಚಿತ್ರವೆಂದರೆ ಪೂರ್ತಿ ನೀರಿನಲ್ಲಿ ಮುಳುಗಿದ ಮರಳು ಒಣ ಮರಳಿನಷ್ಟೇ ಜಾಗ ಹಿಡಿಯುತ್ತದೆ. ಪರೀಕ್ಷೆ ನಿಂತಿರುವುದೇ ಇದರ ಮೇಲೆ. ಡಬ್ಬವೊಂದರಲ್ಲಿ ಮುಕ್ಕಾಲಿಗಿಂತ ತುಸು ಕಡಿಮೆ ಮರಳನ್ನು ಸಡಿಲವಾಗಿ ತುಂಬಿ, ಮಟ್ಟ ಮಾಡಿ, ಎತ್ತರ ಅಳೆಯಿರಿ. 20 ಸೆಂ.ಮೀ. ಇದೆ ಎನ್ನಿ. ಮರಳು ಹೊರಗೆ ಸುರಿದು, ಡಬ್ಬದ ಅರ್ಧ ನೀರು ತುಂಬಿ, ಅದೇ ಮರಳನ್ನು ಮತ್ತೆ ಹಾಕುತ್ತಾ ಕಂಬಿಯಿಂದ ಕುಟ್ಟಿ ಕೂರಿಸಿ. ಈಗ 16 ಸೆಂ.ಮೀ. ಆದರೆ ಉಬ್ಬು ನೂರಕ್ಕೆ 25.

ಈ ಅಂಕಿ ಸಿಕ್ಕಿದ ಮೇಲೆ ಲೆಕ್ಕ ಸುಲಭ. 50 ಕಿಲೋ ಸಿಮೆಂಟ್ ಚೀಲ ಎಂದರೆ 35 ಲೀಟರ್. ಉದ್ದ 40, ಅಗಲ 35, ಎತ್ತರ 25 ಸೆಂ.ಮೀ. ಇರುವ ಅಳತೆ ಪೆಟ್ಟಿಗೆ ಸರಿಯಾಗಿ ಅಷ್ಟೇ ಹಿಡಿಯುತ್ತದೆ. ಸಿಮೆಂಟ್, ಮರಳು, ಜಲ್ಲಿ 1:1.5:3 ಇರುವ ಮಿಶ್ರಣಕ್ಕೆ ಚೀಲಕ್ಕೆ 52.5 ಲೀಟರ್ ಒಣ ಮರಳು ಬೇಕು. ಮೇಲಿನ ತೇವದ ಮರಳಾದರೆ ಸುಮಾರು 65 ಲೀಟರ್ ಹಾಕಬೇಕು. ಹಾಕದಿದ್ದರೆ ಮರಳು ಸಾಲದೆ ಜಲ್ಲಿ ಬಿಡಿಬಿಡಿಯಾಗಿ ನಿಂತು, ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆ ಕೊಟ್ಟ ಹಲಗೆ) ಬಿಚ್ಚಿದಾಗ ಬೀಮಿನ ಕೆಳಗೆ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ಆ ತೂತಿನಲ್ಲೇ ಕಂಬಿಗೆ ತುಕ್ಕು ಶುರು.

ನೀರಿನ ಕಥೆಯೂ ಇದೇ. ಸಿಮೆಂಟಿನ ತೂಕದ 0.55ರಷ್ಟು ನೀರೆಂದರೆ ಚೀಲಕ್ಕೆ 27.5 ಲೀಟರ್. ಒಣ ಲೆಕ್ಕದಲ್ಲಿ ಸುಮಾರು 84 ಕಿಲೋ ತೂಗುವ ಆ ಮರಳು ನೂರಕ್ಕೆ ಐದರಂತೆ 4 ಲೀಟರಿಗೂ ಮಿಕ್ಕಿ ನೀರನ್ನು ತಾನೇ ಹೊತ್ತು ತಂದಿದೆ. ಹಾಗಾಗಿ ಮೇಲಿಂದ ಹೊಯ್ಯಬೇಕಾದ್ದು 23 ಲೀಟರ್ ಮಾತ್ರ. ಅಳೆಯದೆ ಪೂರ್ತಿ ಹೊಯ್ದರೆ ಅನುಪಾತ 0.63 ದಾಟುತ್ತದೆ. ಕರಣೆಗೆ ಮೆತ್ತಗೆ ಬಂತೆಂದು ಖುಷಿಪಟ್ಟ ಸ್ಲ್ಯಾಬು ಮುಂದಿನ ಆಷಾಢದಲ್ಲಿ ಜಿನುಗುತ್ತದೆ. ಮೇಸ್ತ್ರಿಗಳ ಕೈಯಂದಾಜಿನ ಮೇಲೆ ನನಗೆ ನಿಜವಾದ ಗೌರವವಿದೆ. ಆದರೆ ಬೆಳಗಿನ ರಾಶಿಯ ತೇವ ಮಧ್ಯಾಹ್ನಕ್ಕೆ ಇರುವುದಿಲ್ಲ, ಅದು ಯಾವ ಕೈಗೂ ಗೊತ್ತಾಗದು.

ಮಳೆ ಬರುತ್ತಿದೆಯಲ್ಲ, ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವುದು) ಯಾಕೆ ಎನ್ನುವವರಿದ್ದಾರೆ. ಮಳೆ ಬಿಟ್ಟ ಎರಡು ದಿನದ ಬಿಸಿಲು, ಗಾಳಿ ಸಾಕು ಹೊಸ ಸ್ಲ್ಯಾಬು ಬಿರಿಯಲು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿಗೆ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) 10 ದಿನ ಒದ್ದೆ ಆರಬಾರದು.

ಜಂಬಿಟ್ಟಿಗೆ ಗೋಡೆಯದ್ದು ಬೇರೆ ಪಾಠ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ನಮ್ಮ ಮಾತಿನಲ್ಲೂ ಅದು ಇಟ್ಟಿಗೆಯೇ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ, ಹಾಗಾಗಿ ಹಸಿ ಕಲ್ಲನ್ನು ನೇರವಾಗಿ ಗೋಡೆಗೆ ಏರಿಸಬಾರದು. ಮೈತುಂಬ ರಂಧ್ರವಿರುವುದರಿಂದ ಒಣ ಕಲ್ಲಿನ ಮೇಲೆ ಗಾರೆ ಹಾಕಿದರೆ ಅದರ ನೀರನ್ನೆಲ್ಲ ಹೀರಿ ಪುಡಿಯಾಗಿಸುತ್ತದೆ. ಕಟ್ಟುವ ಮುಂಚೆ, ಪ್ಲಾಸ್ಟರಿಗೂ ಮುಂಚೆ ಕಲ್ಲನ್ನು ಚೆನ್ನಾಗಿ ನೆನೆಸಿ, ಮೇಲಿನ ಹೊಳೆಯುವ ನೀರು ಆರಿದ ಮೇಲೆ ಗಾರೆ ಇಡಬೇಕು. ಹೊರಗೋಡೆಗೆ 20 ಮಿ.ಮೀ. ಪ್ಲಾಸ್ಟರನ್ನು ಎರಡು ಪದರದಲ್ಲಿ ಹಾಕಿ, ಮೊದಲ ಪದರ ಹಸಿಯಿರುವಾಗಲೇ ಗೀರು ಹಾಕಿ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಅಂಚಿನ ಹತ್ತಿರ ಉದ್ದಕ್ಕೂ ಒಂದು ಕಿರುಗಾಲುವೆ ಬಿಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಹನಿ ಕೆಳಗೆ ಬೀಳದೆ ಸಜ್ಜಾದ ಅಡಿಯಲ್ಲೇ ಹರಿದು ಗೋಡೆ ಸೇರಿ, ಕಿಟಕಿಯ ಮೇಲೆ ಹಸಿರು ಪಾಚಿ ಗೆರೆ ಎಳೆಯುತ್ತದೆ.